ವಿದ್ಯಾರ್ಥಿಗಳಲ್ಲಿ ಉದ್ಯಮಶೀಲತೆ: ಅರ್ಧ ಗುಂಟೆಯಿಂದ ಆರಂಭಿಸಿ



ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಗೆ ಕ್ಷೇತ್ರ ಭೇಟಿಗೆ ಹೋದಾಗ, ಕಬ್ಬಿನ ಬೆಳೆಯ ವಿಚಾರಕ್ಕಿಂತ ಮೊದಲು ನನಗೆ ಎದುರಾಗುವ ಪ್ರಶ್ನೆ ಒಂದೇ. "ಸಾಹೇಬರ, ಮಗಾ ಓದು ಮುಗಿಸ್ಯಾನ್ರಿ. ಇನ್ನ ಅವಗ ಒಂದು ನೌಕರಿ ಹೆಂಗ್ರಿ?" ಕೇಳುವವರ ಮುಖದಲ್ಲಿ ಹೆಮ್ಮೆಯೂ ಇರುತ್ತದೆ, ಅಂಜಿಕೆಯೂ ಇರುತ್ತದೆ. ಒಮ್ಮೆ ಒಬ್ಬ ಹಿರಿಯ ರೈತರು ಮಗನನ್ನು ಪಟ್ಟಣದಲ್ಲಿಟ್ಟು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿಸಲು ಕಾಲುವೆಯ ದಂಡೆಗಿರುವ ಒಂದು ಎಕರೆ ಜಮೀನನ್ನು ಮಾರುವ ವಿಚಾರದಲ್ಲಿದ್ದರು. ಹುಡುಗ ಕೃಷಿ ಪದವಿ ಪಡೆದು ಆಗಲೇ ಎರಡು ವರ್ಷ ಕಳೆದಿತ್ತು.

ನಾನು ಅವರಿಗೆ ಹೇಳಿದ್ದು ಇಷ್ಟೇ: "ಎಕರೆ ಮಾರುವ ಮಾತು ಆಮೇಲೆ ನೋಡೋಣ. ಅದಕ್ಕೂ ಮೊದಲು ಎರಡು ತಿಂಗಳ ಮಟ್ಟಿಗೆ ಮಗನ ಕೈಗೆ ಅರ್ಧ ಗುಂಟೆ ಜಾಗ ಕೊಡಿರಿ." ಅವರು ನಕ್ಕರು. "ಅರ್ಧ ಗುಂಟೇದಾಗ ಏನ್ ಆಕ್ಕೈತ್ರೀ ಸಾಹೇಬರ?" ಎಂದರು. ಅವರ ಆ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಸರಕಾರಿ ನೌಕರಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನಾನೂ ನೌಕರಿಯಲ್ಲಿರುವವನೇ. ಆದರೆ ಪದವಿ ಪಡೆದು ಹೊರಬರುವ ಮಕ್ಕಳ ಸಂಖ್ಯೆಯ ಮುಂದೆ ಹುದ್ದೆಗಳ ಸಂಖ್ಯೆ ಬಹಳ ಕಡಿಮೆ. ಆದುದರಿಂದ ಕಲಿಯುವ ಕಾಲದಲ್ಲಿಯೇ, ತನ್ನ ಕಾಲ ಮೇಲೆ ತಾನು ನಿಲ್ಲುವ ಇನ್ನೊಂದು ದಾರಿಯನ್ನೂ ಪ್ರತಿಯೊಬ್ಬ ವಿದ್ಯಾರ್ಥಿಯು ಅಭ್ಯಾಸ ಮಾಡಿಕೊಳ್ಳುವುದು ಅವಶ್ಯ. ಈ ಅಭ್ಯಾಸಕ್ಕೆ ಉದ್ಯಮಶೀಲತೆ ಎಂದು ಹೆಸರು.

ಉದ್ಯಮಶೀಲತೆ ಎಂದರೇನು?

ಉದ್ಯಮಿ ಎಂದೊಡನೆ ದೊಡ್ಡ ಕಾರಖಾನೆಯ ಮಾಲೀಕನ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಇದು ತಪ್ಪು ಕಲ್ಪನೆ. ಜನರಿಗೆ ಯಾವುದೋ ಒಂದು ವಸ್ತುವಿನ ಅಥವಾ ಸೇವೆಯ ಕೊರತೆ ಇರುವುದನ್ನು ಗುರುತಿಸಿ, ಅದನ್ನು ಪೂರೈಸಲು ಬೇಕಾದ ಜಾಗ, ಹಣ, ಆಳು ಮತ್ತು ತಿಳಿವಳಿಕೆಯನ್ನು ಒಂದುಗೂಡಿಸಿ, ಲಾಭ ಬಂದರೂ ನಷ್ಟ ಬಂದರೂ ಅದರ ಹೊಣೆಯನ್ನು ತಾನೇ ಹೊರುವವನು ಉದ್ಯಮಿ. ಬಂಡವಾಳದ ಗಾತ್ರದಿಂದ ಉದ್ಯಮಿಯನ್ನು ಅಳೆಯಲಾಗದು.

ಈ ಅರ್ಥದಲ್ಲಿ ನೋಡಿದರೆ ಒಕ್ಕಲುತನ ಮಾಡುವ ನೀವೆಲ್ಲರೂ ಉದ್ಯಮಿಗಳೇ ಸರಿ. ಮಳೆಯ ಹೊಣೆ, ಕೀಟರೋಗಗಳ ಹೊಣೆ, ಸಾಲದ ಹೊಣೆ ಎಲ್ಲವನ್ನೂ ವರ್ಷವಿಡೀ ನೀವೇ ಹೊರುತ್ತೀರಿ. ಆದರೆ ಎರಡು ಸಂಗತಿಗಳು ಮಾತ್ರ ನಮ್ಮ ಒಕ್ಕಲುತನದಲ್ಲಿ ಕಡಿಮೆ. ಒಂದು, ಮಾಲಿಗೆ ತಾನೇ ಬೆಲೆ ಕಟ್ಟುವುದು. ಎರಡು, ಖರ್ಚನ್ನು ಬರೆದಿಡುವುದು. ನಿಮ್ಮ ಮಕ್ಕಳ ವಿದ್ಯೆ ಮನೆಗೆ ತರಬೇಕಾದುದು ಈ ಎರಡನ್ನು.

ನಮ್ಮ ನೆಲದಲ್ಲಿಯೇ ಇರುವ ಪಾಠಗಳು

ಉದ್ಯಮಶೀಲತೆಯ ಪಾಠ ಹೇಳಲು ದೂರದ ದೇಶಗಳ ಉದಾಹರಣೆ ಬೇಕಾಗಿಲ್ಲ. ಘಟಪ್ರಭಾ ನದಿಯ ಆಸುಪಾಸಿನಲ್ಲಿಯೇ ಅವು ಸಿಗುತ್ತವೆ.

ಗೋಕಾಕ ಜಲಪಾತದಲ್ಲಿ ನದಿಯು ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ನೂರಾರು ವರ್ಷ ಜನ ಅದನ್ನು ನೋಡಿ ಸಂತೋಷಪಟ್ಟು ಹೋದರು. ಬೀಳುವ ಈ ನೀರಿನಲ್ಲಿ ಯಂತ್ರ ತಿರುಗಿಸುವ ಬಲವಿದೆ ಎಂಬುದನ್ನು ಕೆಲವರು ಕಂಡರು. 1885ರಲ್ಲಿ ಸ್ಥಾಪನೆಯಾದ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿಯು ಈ ಜಲಶಕ್ತಿಯನ್ನು ಆಧರಿಸಿ ಅಲ್ಲಿ ನೂಲಿನ ಗಿರಣಿಯನ್ನು ನಡೆಸಿತು. ನೀರು ಮೊದಲೂ ಅದೇ ಆಗಿತ್ತು, ಆಮೇಲೂ ಅದೇ ಆಗಿತ್ತು. ನೋಡುವ ದೃಷ್ಟಿ ಮಾತ್ರ ಬದಲಾಯಿತು.

ಎರಡನೆಯದು ಗೋಕಾಕದ ಕರದಂಟು. ಕರಿದ ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಸೇರಿಸಿ ಮಾಡುವ ಈ ತಿನಿಸು ಬಾಣಂತಿಯರ ಮನೆಯಿಂದ ಬಸ್ ನಿಲ್ದಾಣದ ಅಂಗಡಿಯವರೆಗೆ ಬಂದು ನಿಂತಿದೆ. ಗೋಡಂಬಿ, ಬಾದಾಮಿ, ಅಂಟು ಇವೆಲ್ಲ ಹೊರಗಿನಿಂದ ಬರುವ ಮಾಲು. ಗೋಕಾಕ ಸೇರಿಸಿದ್ದು ತನ್ನ ಹದವನ್ನು, ತನ್ನ ಹೆಸರನ್ನು. ನೀವು ಕ್ವಿಂಟಲ್ ಲೆಕ್ಕದಲ್ಲಿ ಮಾರಿದ ಬೆಲ್ಲ ಅಲ್ಲಿ ಪೆಟ್ಟಿಗೆಯಲ್ಲಿ ಕುಳಿತು ಅನೇಕ ಪಟ್ಟು ಹೆಚ್ಚಿನ ಬೆಲೆಗೆ ಹೋಗುತ್ತದೆ. ಕಚ್ಚಾ ಮಾಲಿಗೂ ತಯಾರಾದ ಮಾಲಿಗೂ ನಡುವೆ ಇರುವ ಈ ಅಂತರವೇ ಉದ್ಯಮದ ಜಾಗ.

ಮೂರನೆಯದು ಹುಕ್ಕೇರಿಯದು. 1969ರಲ್ಲಿ ಹುಕ್ಕೇರಿ ತಾಲೂಕಿನಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಆರಂಭವಾಯಿತು. ದೇಶದಲ್ಲಿ ಪ್ರಯೋಗಾರ್ಥವಾಗಿ ಮೊದಲು ಸ್ಥಾಪಿಸಲಾದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಇದೂ ಒಂದು. ವಿದ್ಯುತ್ತನ್ನು ಒಟ್ಟಾಗಿ ಕೊಂಡು, ಬಳಕೆದಾರರೇ ಸದಸ್ಯರಾಗಿ, ತಾಲೂಕಿನ ಮನೆ ಮತ್ತು ಪಂಪುಸೆಟ್ಟುಗಳಿಗೆ ಹಂಚುವ ವ್ಯವಸ್ಥೆ ಇದು. ಒಬ್ಬನಿಂದ ಆಗದ ಉದ್ಯಮವನ್ನು ಹಲವರು ಕೂಡಿ ಮಾಡಬಹುದು ಎಂಬ ಪಾಠ ಇದರಲ್ಲಿದೆ.

ವಿದ್ಯಾರ್ಥಿ ಕಲಿಯಬೇಕಾದ ಐದು ಕೌಶಲ್ಯಗಳು

1. ಕೊರತೆಯನ್ನು ಗುರುತಿಸುವುದು: ಊರಿನ ಜನ ಯಾವ ವಸ್ತುವಿಗಾಗಿ ದೂರ ಹೋಗುತ್ತಾರೆ, ಯಾವ ಕೆಲಸಕ್ಕೆ ಆಳು ಸಿಗದೆ ಒದ್ದಾಡುತ್ತಾರೆ, ಯಾವ ಮಾಲು ಕೆಟ್ಟು ತಿಪ್ಪೆ ಸೇರುತ್ತದೆ ಎಂಬುದನ್ನು ಒಂದು ತಿಂಗಳು ಬರೆದಿಡಲು ವಿದ್ಯಾರ್ಥಿಗೆ ಹೇಳಬೇಕು.

2. ಕೊಳ್ಳುವವರನ್ನು ಮೊದಲು ಕೇಳುವುದು: ಮಾಲು ತಯಾರಿಸಿ ನಂತರ ಗಿರಾಕಿ ಹುಡುಕುವುದು ನಷ್ಟದ ದಾರಿ. ಎಷ್ಟು ಬೇಕು, ಯಾವಾಗ ಬೇಕು, ಎಷ್ಟು ಬೆಲೆ ಕೊಡುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಕನಿಷ್ಠ ಹತ್ತು ಜನರಿಗಾದರೂ ಕೇಳಬೇಕು.

3. ಲೆಕ್ಕ ಬರೆಯುವುದು: ಮನೆಯ ಜಾಗ, ಮನೆಯ ಗೊಬ್ಬರ, ಮನೆಯವರ ದುಡಿಮೆ ಇವಕ್ಕೂ ಬೆಲೆ ಹಾಕಬೇಕು. "ಮನೀದ ಐತಿ" ಎಂದು ಬಿಟ್ಟ ಖರ್ಚೇ ಕೊನೆಗೆ ಲಾಭವನ್ನು ನುಂಗುತ್ತದೆ.

4. ಸಣ್ಣದಾಗಿ ಪರೀಕ್ಷಿಸುವುದು: ಹೊಸ ತಳಿಯನ್ನು ಮೊದಲು ಒಂದೆರಡು ಸಾಲು ಹಚ್ಚಿ ನೋಡುವಂತೆ, ಹೊಸ ಕೆಲಸವನ್ನೂ ಕಳೆದುಕೊಂಡರೆ ತಡೆದುಕೊಳ್ಳಬಹುದಾದಷ್ಟು ಹಣದಿಂದ ಮಾತ್ರ ಆರಂಭಿಸಬೇಕು.

5. ಮಾತಿಗೆ ತಪ್ಪದಿರುವುದು: ಹೇಳಿದ ದಿನ, ಹೇಳಿದ ತೂಕ, ಹೇಳಿದ ಗುಣಮಟ್ಟ. ಮೊದಲ ಗಿರಾಕಿ ಎರಡನೆಯ ಸಲ ಬಂದರೆ ಮಾತ್ರ ಉದ್ಯಮ ನಿಂತಿತೆಂದು ತಿಳಿಯಬೇಕು.

ಇವುಗಳಲ್ಲಿ ಯಾವುದನ್ನೂ ಕೇವಲ ಪುಸ್ತಕದಿಂದ ಕಲಿಯಲು ಆಗುವುದಿಲ್ಲ. ಈಜು ಕಲಿಯಲು ಬಾವಿಗೆ ಇಳಿಯಲೇಬೇಕು. ಆದರೆ ಮೊದಲ ದಿನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಅರ್ಧ ಗುಂಟೆ ಎಂದು ನಾನು ಹೇಳಿದ್ದು ಆ ಹಗ್ಗದ ಲೆಕ್ಕದಲ್ಲಿ.

ಅರ್ಧ ಗುಂಟೆಯ ಅಭ್ಯಾಸ: ಕಬ್ಬಿನ ಸಸಿ

ಈ ಮೂರು ತಾಲೂಕುಗಳ ನೀರಾವರಿ ಪ್ರದೇಶದಲ್ಲಿ ಕಬ್ಬು ಮುಖ್ಯ ಬೆಳೆಯಾಗಿರುವುದರಿಂದ, ವಿದ್ಯಾರ್ಥಿಯ ಮೊದಲ ಅಭ್ಯಾಸಕ್ಕೆ ಕಬ್ಬಿನ ಸಸಿ ತಯಾರಿಕೆ ಅನುಕೂಲಕರ. ಕಬ್ಬಿನ ತುಂಡುಗಳನ್ನು ನೇರವಾಗಿ ಸಾಲಿನಲ್ಲಿ ನೆಟ್ಟರೆ ಎಕರೆಗೆ ಸುಮಾರು 2ರಿಂದ 3 ಟನ್ನು ಬಿತ್ತನೆ ಕಬ್ಬು ಬೇಕಾಗುತ್ತದೆ. ಒಂದು ಕಣ್ಣಿನ ತುಂಡುಗಳಿಂದ ಸಸಿ ಮಾಡಿ ನೆಟ್ಟರೆ ಬಿತ್ತನೆ ಕಬ್ಬು ಬಹಳಷ್ಟು ಉಳಿಯುತ್ತದೆ. ನಾಟಿ ಮಾಡಿದ ಮೇಲೆ ಹುಸಿ ಬೀಳುವುದೂ ಕಡಿಮೆ. 5 ಅಡಿ ಸಾಲು, ಸಸಿಯಿಂದ ಸಸಿಗೆ 2 ಅಡಿ ಅಂತರವಿದ್ದರೆ ಎಕರೆಗೆ 4,356 ಸಸಿಗಳು ಸಾಕು.

ಮಾಡುವ ಕ್ರಮ ಹೀಗಿದೆ. 8ರಿಂದ 9 ತಿಂಗಳ, ರೋಗವಿಲ್ಲದ, ಬಿತ್ತನೆಗೆಂದೇ ಬೆಳೆಸಿದ ಕಬ್ಬನ್ನು ಆರಿಸಬೇಕು. ಕಾಡಿಗೆ ರೋಗ ಅಥವಾ ಕೆಂಪು ಕೊಳೆ ರೋಗ ಕಂಡ ಹೊಲದ ಕಬ್ಬನ್ನು ಮುಟ್ಟಲೇಬಾರದು. ಒಂದೊಂದು ಕಣ್ಣು ಇರುವಂತೆ ತುಂಡು ಮಾಡಿ, ಶಿಫಾರಸು ಮಾಡಿದ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ ತೆಗೆಯಬೇಕು. 50 ಕುಳಿಗಳಿರುವ ಪ್ಲಾಸ್ಟಿಕ್ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಕಣ್ಣು ಮೇಲ್ಮುಖವಾಗಿರುವಂತೆ ತುಂಡುಗಳನ್ನು ಇಟ್ಟು ಮುಚ್ಚಬೇಕು. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗೆ ಕಾವು ನಿಂತು ಕಣ್ಣು ಒಡೆಯುತ್ತದೆ. ಮೊಳಕೆ ಕಂಡ ಕೂಡಲೆ ಟ್ರೇಗಳನ್ನು ನೆರಳು ಬಲೆಯ ಕೆಳಗೆ ಹರಡಿ ದಿನವೂ ತೆಳ್ಳಗೆ ನೀರು ಕೊಡಬೇಕು. 25ರಿಂದ 35 ದಿನಗಳಲ್ಲಿ ಸಸಿ ನಾಟಿಗೆ ಸಿದ್ಧ.

10,000 ಕಣ್ಣುಗಳಿಗೆ 200 ಟ್ರೇ ಬೇಕು. ಓಡಾಡುವ ದಾರಿ ಸೇರಿದರೂ ಇವು ಅರ್ಧ ಗುಂಟೆಯಲ್ಲಿ ಹಿಡಿಯುತ್ತವೆ.

ಲೆಕ್ಕದ ಪಾಠ

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಲೆಗಳು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಇರುವುದರಿಂದ, ಲೆಕ್ಕದ ಕ್ರಮವನ್ನು ತಿಳಿಯಲಷ್ಟೇ ಕೆಳಗಿನ ಅಂಕಿಗಳನ್ನು ತೆಗೆದುಕೊಳ್ಳೋಣ. ನಿಮ್ಮ ಊರಿನ ಬೆಲೆಗಳನ್ನು ಹಾಕಿ ನೀವೇ ಮತ್ತೆ ಲೆಕ್ಕ ಮಾಡಿಕೊಳ್ಳಿರಿ.

ಬಿತ್ತನೆ ಕಬ್ಬಿಗೆ ರೂ. 4,000, ನಾರಿನ ಪುಡಿಗೆ ರೂ. 2,000, ತುಂಡು ಮಾಡುವ ಮತ್ತು ಟ್ರೇ ತುಂಬುವ ಆಳುಗಳಿಗೆ ರೂ. 3,500, ಔಷಧಿ ಮತ್ತು ಪೋಷಕಾಂಶಗಳಿಗೆ ರೂ. 500; ಟ್ರೇಗಳ ಬೆಲೆ ರೂ. 3,000, ಅವು ಮೂರು ಸಲ ಬಾಳುವುದರಿಂದ ಈ ಸಲದ ಪಾಲು ರೂ. 1,000, ನೆರಳು ಬಲೆಯ ಪಾಲು ರೂ. 1,000, ವಿದ್ಯಾರ್ಥಿಯು ದಿನವೂ ನೀರು ಕೊಟ್ಟು ನೋಡಿಕೊಂಡ ದುಡಿಮೆಗೆ ರೂ. 2,000. ಒಟ್ಟು ರೂ. 14,000.

ಹತ್ತು ಸಾವಿರ ಕಣ್ಣು, ಹದಿನಾಲ್ಕು ಸಾವಿರ ರೂಪಾಯಿ. ಆದುದರಿಂದ ಒಂದು ಸಸಿಗೆ ರೂ. 1.40 ಖರ್ಚು ಎಂದು ಹೆಚ್ಚಿನ ವಿದ್ಯಾರ್ಥಿಗಳು ಲೆಕ್ಕ ಹಾಕುತ್ತಾರೆ. ರೂ. 1.60ಕ್ಕೆ ಮಾರಿದರೆ ಸಸಿಗೆ 20 ಪೈಸೆ ಲಾಭ ಎಂದು ಸಂತೋಷಪಡುತ್ತಾರೆ. ತಪ್ಪು ಇಲ್ಲಿಯೇ ಇದೆ. ಎಲ್ಲ ಕಣ್ಣುಗಳೂ ಮೊಳೆಯುವುದಿಲ್ಲ. 8,500 ಮೊಳೆತವು ಎನ್ನೋಣ. ಅವುಗಳಲ್ಲಿ ಬಡಕಲಾದ, ಮುರಿದ 500 ಸಸಿಗಳನ್ನು ತೆಗೆದರೆ ಮಾರಲು ಉಳಿಯುವುದು 8,000. ರೂ. 14,000ವನ್ನು 8,000 ಸಸಿಗಳಿಗೆ ಹಂಚಿದರೆ ಒಂದು ಸಸಿಯ ನಿಜವಾದ ಖರ್ಚು ರೂ. 1.75. ರೂ. 1.60ಕ್ಕೆ ಮಾರಿದ ವಿದ್ಯಾರ್ಥಿಗೆ ಬರುವ ಹಣ ರೂ. 12,800, ಅಂದರೆ ರೂ. 1,200 ನಷ್ಟ. ರೂ. 2ಕ್ಕೆ ಮಾರಿದರೆ ರೂ. 16,000 ಬಂದು, ತನ್ನ ದುಡಿಮೆಯ ರೂ. 2,000 ಅಲ್ಲದೆ ಇನ್ನೂ ರೂ. 2,000 ಲಾಭ ಉಳಿಯುತ್ತದೆ.

ಹಾಕಿದ್ದನ್ನು ಎಣಿಸಬಾರದು, ಮಾರಿದ್ದನ್ನು ಎಣಿಸಬೇಕು. ಕೋಳಿ ಸಾಕಣೆಯಿರಲಿ, ಹಪ್ಪಳವಿರಲಿ, ಅರಿಷಿಣ ಪುಡಿಯಿರಲಿ, ಈ ನಿಯಮ ಎಲ್ಲಕ್ಕೂ ಒಂದೇ. ಲಾಭ ಎರಡೇ ಸಾವಿರ ಬಂದರೂ ಈ ನಿಯಮವನ್ನು ಸ್ವಂತ ಕೈಯಿಂದ ಕಲಿತ ವಿದ್ಯಾರ್ಥಿಯು ಮುಂದೆ ಎರಡು ಲಕ್ಷದ ಕೆಲಸದಲ್ಲಿ ಮೋಸ ಹೋಗುವುದಿಲ್ಲ.

ನಾನು ಕಂಡ ಒಂದು ಸೋಲು

ಯಶಸ್ಸಿನ ಕಥೆಗಳನ್ನು ಎಲ್ಲರೂ ಹೇಳುತ್ತಾರೆ. ನಾನು ಒಂದು ಸೋಲಿನ ಕಥೆ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿದ್ದ ವಿದ್ಯಾರ್ಥಿಗಳ ಒಂದು ತಂಡ ಬಹಳ ಉತ್ಸಾಹದಿಂದ ಕಬ್ಬಿನ ಸಸಿಗಳನ್ನು ಬೆಳೆಸಿತು. ಸಸಿಗಳು ಹಚ್ಚಗೆ, ಸೊಂಪಾಗಿ ಬಂದವು. ಬೇಸಾಯಶಾಸ್ತ್ರದ ದೃಷ್ಟಿಯಿಂದ ಒಂದು ತಪ್ಪೂ ಇರಲಿಲ್ಲ. ನಾನು ಬೆನ್ನು ತಟ್ಟಿದೆ. ಆದರೆ "ಇವನ್ನು ಯಾರು ಕೊಳ್ಳುತ್ತಾರೆ, ಮುಂಗಡ ಕೊಟ್ಟಿದ್ದಾರೆಯೇ?" ಎಂದು ಅವರೂ ಕೇಳಿಕೊಂಡಿರಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷ ನೀರು ಬರುವುದು ತಡವಾಯಿತು. ರೈತರು ನಾಟಿಯನ್ನು ಮುಂದೂಡಿದರು. ಟ್ರೇಯಲ್ಲಿರುವ ಸಸಿ ಮೂಟೆಯಲ್ಲಿಟ್ಟ ಜೋಳದಂತೆ ಕಾಯುವುದಿಲ್ಲ. ದಿನಗಳು ಮೀರಿದಂತೆ ಬೇರುಗಳು ಕುಳಿಯಲ್ಲಿ ಸುತ್ತಿಕೊಂಡು, ಎಲೆ ಹಳದಿಯಾಗಿ, ಸಸಿ ಸೊರಗುತ್ತದೆ. ಎಲೆಯ ತುದಿ ಕತ್ತರಿಸಿ ಒಂದು ವಾರ ತಡೆದರು. ಕೊನೆಗೆ ಅರ್ಧದಷ್ಟು ಸಸಿಗಳು ಮಾತ್ರ ಮಾರಾಟವಾಗಿ, ಉಳಿದವು ಗೊಬ್ಬರದ ಗುಂಡಿ ಸೇರಿದವು. ಅಂದು ಒಬ್ಬ ವಿದ್ಯಾರ್ಥಿನಿ ತನ್ನ ಲೆಕ್ಕದ ಪುಸ್ತಕದ ಕೊನೆಯ ಪುಟವನ್ನು ತೋರಿಸಿ, "ಸರ್, ಇಬ್ಬರು ರೈತರು ಸಾಕಿತ್ತಲ್ರಿ" ಎಂದಳು. ಅವಳ ಮಾತು ನಿಜ. ಎಕರೆಗೆ 4,356 ಸಸಿಗಳಂತೆ ಎರಡು ಎಕರೆಗೆ 8,712 ಬೇಕು. ಬಾವಿಯ ನೀರು ಇರುವ, ಒಂದೊಂದು ಎಕರೆ ನಾಟಿ ಮಾಡುವ ಇಬ್ಬರು ರೈತರಿಂದ ಮುಂಗಡ ಪಡೆದಿದ್ದರೆ 8,000 ಸಸಿಗಳೂ ಮಾರಾಟವಾಗುತ್ತಿದ್ದವು.

ಅಂದಿನಿಂದ ನಾನು ಯಾವ ವಿದ್ಯಾರ್ಥಿಗೂ ಗಿರಾಕಿಗಳ ಪಟ್ಟಿ ನೋಡದೆ ಟ್ರೇ ತುಂಬಲು ಒಪ್ಪಿಗೆ ಕೊಡುವುದಿಲ್ಲ. ಬೆಳೆಯುವುದನ್ನು ಕಲಿಸುವ ನಮ್ಮಂಥವರು ಮಾರುವುದನ್ನು ಕಲಿಸಲು ಮರೆಯುತ್ತೇವೆ. ಈ ತಪ್ಪನ್ನು ನೀವು ನಿಮ್ಮ ಮನೆಯಲ್ಲಿ ಮಾಡಬೇಡಿರಿ.

ಹೊಸತನ: ಬೆಲ್ಲದ ಉದಾಹರಣೆ

ಹೊಸತನವೆಂದರೆ ಯಾರೂ ಕಂಡು ಕೇಳದ ಯಂತ್ರವನ್ನು ಕಂಡುಹಿಡಿಯುವುದೇ ಆಗಬೇಕೆಂದಿಲ್ಲ. ಇರುವ ಕೆಲಸದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ, ಕೊಳ್ಳುವವರಿಗೆ ಅನುಕೂಲ ಮಾಡಿಕೊಡುವುದೂ ಹೊಸತನವೇ.

ಮೂಡಲಗಿ ಭಾಗದ ಬೆಲ್ಲದ ಗಾಣಗಳನ್ನು ನೀವೆಲ್ಲ ಬಲ್ಲಿರಿ. ಬೆಲ್ಲದ ಪೆಂಟಿಗಳು ಮಹಾಲಿಂಗಪುರದಂಥ ಪೇಟೆಗಳಿಗೆ ಹೋಗಿ, ಬಣ್ಣ ಮತ್ತು ಗಟ್ಟಿತನ ನೋಡಿ ಸವಾಲಿನಲ್ಲಿ ಮಾರಾಟವಾಗುತ್ತವೆ. ಸಾಮಾನ್ಯವಾಗಿ ಒಂದು ಟನ್ನು ಕಬ್ಬಿನಿಂದ ಸುಮಾರು ಒಂದು ಕ್ವಿಂಟಲ್ ಬೆಲ್ಲ ಸಿಗುತ್ತದೆ. ಆದುದರಿಂದ ಗಾಣ ನಡೆಸಬೇಕೋ, ಕಬ್ಬನ್ನು ಕಾರಖಾನೆಗೆ ಕಳಿಸಬೇಕೋ ಎಂಬ ಪ್ರಶ್ನೆ ಬಂದಾಗ, ಒಂದು ಕ್ವಿಂಟಲ್ ಬೆಲ್ಲದ ಬೆಲೆಯಿಂದ ಗಾಣದ ಖರ್ಚನ್ನು ಕಳೆದು, ಉಳಿದದ್ದನ್ನು ಒಂದು ಟನ್ನು ಕಬ್ಬಿನ ಬೆಲೆಯೊಂದಿಗೆ ಹೋಲಿಸಿ ನೋಡಬೇಕು. ಅನೇಕ ಸಲ ಈ ಅಂತರ ಬಹಳ ಕಡಿಮೆ ಇರುತ್ತದೆ. ಹಾಗಿದ್ದ ಮೇಲೆ ಅದೇ ರಸದಿಂದ ಬೇರೆ ರೂಪದ ಮಾಲನ್ನು ಮಾಡಲಾಗದೆ?

ಆಗುತ್ತದೆ. ಕುದಿಯುವ ರಸವನ್ನು ಸುಮಾರು 105ರಿಂದ 106 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಳಿಸಿದರೆ ಜೋನಿ ಬೆಲ್ಲ. ಸುಮಾರು 116ರಿಂದ 118 ಡಿಗ್ರಿಯಲ್ಲಿ ಇಳಿಸಿದರೆ ಗಟ್ಟಿ ಬೆಲ್ಲ. ಸುಮಾರು 120 ಡಿಗ್ರಿ ದಾಟಿಸಿ, ಇಳಿಸಿ, ಆರುವಾಗ ಕೈಯಾಡಿಸಿ ತಿಕ್ಕಿದರೆ ಪುಡಿ ಬೆಲ್ಲ. ಒಂದೇ ಕಡಾಯಿ, ಒಂದೇ ರಸ. ಕೆಲವೇ ಡಿಗ್ರಿಗಳ ವ್ಯತ್ಯಾಸದಿಂದ ಮೂರು ಬಗೆಯ ಮಾಲು. ಅನುಭವಸ್ಥರು ನೀರಿನಲ್ಲಿ ಪಾಕದ ಹನಿ ಬಿಟ್ಟು ಬೆರಳಿನಿಂದ ಹದ ನೋಡುತ್ತಾರೆ. ವಿದ್ಯಾರ್ಥಿಯು ಅದರ ಜೊತೆಗೆ ಒಂದು ಉಷ್ಣಮಾಪಕವನ್ನು ತರಲಿ. ಹಿರಿಯರ ಬೆರಳು ಹೇಳಿದ ಹದಕ್ಕೆ ಉಷ್ಣಮಾಪಕದಲ್ಲಿ ಎಷ್ಟು ಡಿಗ್ರಿ ಇತ್ತೆಂದು ಬರೆದಿಟ್ಟರೆ, ಪ್ರತಿ ಅಡಿಗೆಯಲ್ಲಿಯೂ ಒಂದೇ ಹದ ಪಡೆಯಲು ಸಾಧ್ಯ. ಹಳೆಯ ಅನುಭವ ಮತ್ತು ಹೊಸ ವಿದ್ಯೆ ಕೂಡಿದಾಗಲೇ ನಿಜವಾದ ಹೊಸತನ ಹುಟ್ಟುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಬೆಲ್ಲಕ್ಕೆ ಹಳದಿ ಬಣ್ಣ ಬರಲೆಂದು ಕೆಲವರು ಹೈಡ್ರೋಸ್ ಪುಡಿಯನ್ನು ಸುರಿಯುತ್ತಾರೆ. ಇದರಿಂದ ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ತಿನ್ನುವವರ ಆರೋಗ್ಯಕ್ಕೆ ಇದು ಹಿತವಲ್ಲ. ಆ ಬಣ್ಣವೂ ಬಹಳ ದಿನ ನಿಲ್ಲದೆ ಕಪ್ಪಾಗುತ್ತದೆ. ಬೆಂಡೆ ಗಿಡದ ಲೋಳೆ ಮತ್ತು ಸುಣ್ಣದ ತಿಳಿನೀರಿನಿಂದ ರಸವನ್ನು ಶುದ್ಧಿ ಮಾಡಿ, ಮಡ್ಡಿಯನ್ನು ಮೇಲಿಂದ ಮೇಲೆ ತೆಗೆದರೆ ಒಳ್ಳೆಯ ಕಂದು ಬೆಲ್ಲ ಬರುತ್ತದೆ. ಇಂಥ ಬೆಲ್ಲಕ್ಕೆ ಸವಾಲಿನಲ್ಲಿ ಕಡಿಮೆ ಬೆಲೆ ಕೂಗಬಹುದು. ಆಗಲೇ ಉದ್ಯಮಶೀಲತೆಯ ಪರೀಕ್ಷೆ. ಬಣ್ಣ ನೋಡಿ ಕೊಳ್ಳುವ ಪೇಟೆಯನ್ನು ಬಿಟ್ಟು, ಬಣ್ಣ ಏಕೆ ಕಂದು ಎಂಬುದನ್ನು ಕೇಳಿ ತಿಳಿದು ಕೊಳ್ಳುವ ಮನೆಗಳನ್ನು ವಿದ್ಯಾರ್ಥಿಯು ಹುಡುಕಬೇಕಾಗುತ್ತದೆ. ಮೊದಲ ವರ್ಷ ಇಪ್ಪತ್ತು ಮನೆ ಸಿಕ್ಕರೂ ಸಾಕು.

ಪುಡಿ ಬೆಲ್ಲ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಆದುದರಿಂದ ಚೆನ್ನಾಗಿ ಒಣಗಿಸಿ, ಗಾಳಿ ಆಡದ ಚೀಲಗಳಲ್ಲಿ ತುಂಬಿ, ಮಳೆಗಾಲಕ್ಕೆ ಮುನ್ನವೇ ಮಾರಿ ಮುಗಿಸುವುದು ಲೇಸು. ಚೀಲದಲ್ಲಿ ತುಂಬಿ ಮಾರುವ ಆಹಾರ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸುವುದನ್ನು ಮರೆಯಬಾರದು.

ಎಲ್ಲಿ ಕಲಿಯಬಹುದು?

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ರೈತರೊಂದಿಗೆ ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಶಿಬಿರಗಳನ್ನು ನೀವು ನೋಡಿರಬಹುದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇದಕ್ಕೆ ಉದ್ಯಮಶೀಲತೆಯ ತರಬೇತಿಯನ್ನೂ ಜೋಡಿಸಿ ರೂಪಿಸಿದ 'ಸ್ಟೂಡೆಂಟ್ ರೆಡಿ' ಕಾರ್ಯಕ್ರಮವು 2015ರ ಜುಲೈ 25ರಂದು ಆರಂಭವಾಯಿತು. ಇದರಲ್ಲಿ ವಿದ್ಯಾರ್ಥಿಗಳು ಅಣಬೆ, ಸಸಿ, ಎರೆಗೊಬ್ಬರ, ಸಂಸ್ಕರಿಸಿದ ಆಹಾರ ಮುಂತಾದವುಗಳನ್ನು ಸ್ವತಃ ತಯಾರಿಸಿ, ಮಾರಿ, ಲೆಕ್ಕ ಒಪ್ಪಿಸಿ ಕಲಿಯಬಹುದು. ಇಂಥ ವಿದ್ಯಾರ್ಥಿಗಳು ನಿಮ್ಮ ಊರಿಗೆ ಬಂದಾಗ, ಅವರಿಂದ ಔಷಧಿಯ ಹೆಸರನ್ನಷ್ಟೇ ಕೇಳಬೇಡಿರಿ. ನಿಮ್ಮ ಲೆಕ್ಕದ ಪುಸ್ತಕವನ್ನೂ ಅವರ ಮುಂದೆ ಬಿಚ್ಚಿರಿ. ಇಬ್ಬರಿಗೂ ಪಾಠವಾಗುತ್ತದೆ.

ಪದವಿ ಓದದ ಮಕ್ಕಳಿಗೂ ಬಾಗಿಲು ಮುಚ್ಚಿಲ್ಲ. ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಗ್ರಾಮೀಣ ಯುವಕ ಯುವತಿಯರು ತರಬೇತಿಯ ಬಗ್ಗೆ ವಿಚಾರಿಸಬಹುದು. ಕಬ್ಬಿನ ತಳಿ ಮತ್ತು ಬಿತ್ತನೆಯ ವಿಷಯಕ್ಕೆ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರವನ್ನೂ, ಅರಿಷಿಣ, ತರಕಾರಿ, ಹಣ್ಣುಗಳ ವಿಷಯಕ್ಕೆ ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯವನ್ನೂ ಸಂಪರ್ಕಿಸಬಹುದು. ಕಿರು ಆಹಾರ ಘಟಕಗಳಿಗೆ ನೆರವು ನೀಡಲು ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿದ ಯೋಜನೆಯಡಿ ಬೆಳಗಾವಿ ಜಿಲ್ಲೆಗೆ ಬೆಲ್ಲವನ್ನು ಆರಿಸಲಾಯಿತು. ಇಂಥ ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಹಾಕುವ ಮುನ್ನ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಸಹಾಯಧನ ಇದೆಯೆಂದು ಉದ್ಯಮ ಆರಂಭಿಸಬೇಡಿರಿ. ಉದ್ಯಮ ತನ್ನ ಬಲದಿಂದ ನಿಲ್ಲುವಂತಿದ್ದರೆ ಮಾತ್ರ ಸಹಾಯಧನವು ನಿಜವಾದ ಸಹಾಯ.

ಪಾಲಕರು ಗಮನಿಸಬೇಕಾದ ಅಂಶಗಳು

1. ಮಗನಿಗೆ ಅಥವಾ ಮಗಳಿಗೆ ಕೊಡುವ ಬಂಡವಾಳದ ಮಿತಿಯನ್ನು ಮೊದಲೇ ಹೇಳಿರಿ. ಅದು ಪೂರ್ತಿ ಹೋದರೂ ಮನೆಯ ಒಲೆ ಆರಬಾರದು. ಮೊದಲ ಪ್ರಯತ್ನಕ್ಕೆ ಹೊಲ ಅಡವಿಡುವುದಾಗಲಿ, ಬಂಗಾರ ಒತ್ತೆಯಿಡುವುದಾಗಲಿ ಸರ್ವಥಾ ಕೂಡದು.

2. ಹಣ ಕೊಟ್ಟ ಮೇಲೆ ದಿನವೂ ಅಡ್ಡ ಬಾಯಿ ಹಾಕಬೇಡಿರಿ. ಕೇಳಿದರೆ ಸಲಹೆ ಕೊಡಿರಿ. ನಿರ್ಧಾರ ಅವರದೇ ಇರಲಿ. ಆಗ ಮಾತ್ರ ಸೋಲಿನ ಹೊಣೆಯೂ ಅವರದಾಗುತ್ತದೆ.

3. ವಾರಕ್ಕೊಮ್ಮೆ ಲೆಕ್ಕದ ಪುಸ್ತಕ ನೋಡಿರಿ. ಲಾಭ ಎಷ್ಟು ಎಂದು ಕೇಳುವ ಮೊದಲು ಎಲ್ಲವನ್ನೂ ಬರೆದಿದ್ದೀಯಾ ಎಂದು ಕೇಳಿರಿ.

4. ಮನೆಯವರೆಂದು ಪುಕ್ಕಟೆ ಸಸಿ, ಪುಕ್ಕಟೆ ಬೆಲ್ಲ ಒಯ್ಯಬೇಡಿರಿ. ಬೀಗರಾದರೂ ಬೆಲೆ ಕೊಟ್ಟೇ ಒಯ್ಯಲಿ.

5. ಹೆಣ್ಣುಮಕ್ಕಳಿಗೂ ಈ ಅವಕಾಶ ಕೊಡಿರಿ. ಅರ್ಧ ಗುಂಟೆಯ ಕೆಲಸಕ್ಕೆ ಊರು ಬಿಟ್ಟು ಹೋಗಬೇಕಾಗಿಲ್ಲ. ಲೆಕ್ಕ ಬರೆಯುವುದರಲ್ಲಿ ಹೆಣ್ಣುಮಕ್ಕಳು ಹೆಚ್ಚು ಕಟ್ಟುನಿಟ್ಟು ಎಂಬುದು ನನ್ನ ಅನುಭವ.

6. ಸೋತರೆ ನಾಲ್ಕು ಜನರ ಮುಂದೆ ಹಂಗಿಸಬೇಡಿರಿ. ಒಂದು ವರ್ಷ ಮಳೆ ಕೈಕೊಟ್ಟಿತೆಂದು ನೀವು ಬಿತ್ತುವುದನ್ನು ಬಿಟ್ಟಿಲ್ಲ. ಏಕೆ ಸೋತೆ ಎಂಬುದನ್ನು ಒಂದು ಪುಟದಲ್ಲಿ ಬರೆಯಲು ಹೇಳಿರಿ, ಮತ್ತೆ ಅಷ್ಟೇ ಸಣ್ಣ ಮೊತ್ತದಿಂದ ಆರಂಭಿಸಲು ಬಿಡಿರಿ.

"ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು" ಎಂಬ ಗಾದೆ ನಿಮಗೆ ಗೊತ್ತಿದೆ. ಹೊಲ ಮಾರಿ ಬಂದ ಹಣಕ್ಕೂ ಇದು ಅನ್ವಯಿಸುತ್ತದೆ. ಹಣ ಕರಗುತ್ತದೆ, ಹೊಲ ತಿರುಗಿ ಬರುವುದಿಲ್ಲ. ದುಡಿದು, ಲೆಕ್ಕವಿಟ್ಟು, ಬೆಲೆ ಕಟ್ಟಲು ಕಲಿತ ಮಗುವಿನ ವಿದ್ಯೆಯನ್ನು ಮಾತ್ರ ಯಾರೂ ಕೊಳ್ಳಲಾರರು, ಕಸಿಯಲಾರರು.

ಲೇಖನದ ಮೊದಲಿಗೆ ಹೇಳಿದ ಆ ಹಿರಿಯರು ಕೊನೆಗೆ ಎಕರೆ ಮಾರಲಿಲ್ಲ. ಮಗ ಎರಡು ತಿಂಗಳು ಅರ್ಧ ಗುಂಟೆಯಲ್ಲಿ ಸಸಿ ಬೆಳೆಸಿದ. ಮೊದಲ ಸಲ ಬಂದ ಲಾಭ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಆತ ಪರೀಕ್ಷೆಗೆ ಓದುವುದನ್ನೂ ಬಿಟ್ಟಿಲ್ಲ. ಊರಲ್ಲಿಯೇ ಇದ್ದು, ಸಸಿ ಮಾರಿದ ಹಣದಿಂದ ಪುಸ್ತಕ ಕೊಂಡು ಓದುತ್ತಿದ್ದಾನೆ. ನೌಕರಿ ಸಿಕ್ಕರೆ ಸಂತೋಷ, ಸಿಗದಿದ್ದರೆ ಅಂಜಿಕೆಯಿಲ್ಲ ಎನ್ನುವ ಸ್ಥಿತಿ ಅವನದು. ಈಚೆಗೆ ಭೇಟಿಯಾದಾಗ ಆ ಹಿರಿಯರು ನನ್ನನ್ನು ನೌಕರಿಯ ಬಗ್ಗೆ ಕೇಳಲಿಲ್ಲ. "ಸಾಹೇಬರ, ಈ ಸಲ ಇನ್ನೂ ಅರ್ಧ ಗುಂಟೆ ಕೊಡಲೇನ್ರಿ?" ಎಂದು ಕೇಳಿದರು.

"ಗಿರಾಕಿಗಳ ಪಟ್ಟಿ ನೋಡಿ ಕೊಡಿರಿ" ಎಂದೆ.

ಆದುದರಿಂದ ರೈತ ಬಾಂಧವರು ಈ ಹಂಗಾಮಿನಲ್ಲಿ ತಮ್ಮ ಕಲಿತ ಮಕ್ಕಳಿಗೆ ಅರ್ಧ ಗುಂಟೆ ಜಾಗ, ಒಂದು ಲೆಕ್ಕದ ಪುಸ್ತಕ ಮತ್ತು ಮಿತಿ ಹೇಳಿದ ಸಣ್ಣ ಬಂಡವಾಳವನ್ನು ಕೊಟ್ಟು, ಅವರ ವಿದ್ಯೆಯನ್ನು ನೆಲಕ್ಕೆ ಹಚ್ಚಿ ನೋಡಬೇಕೆಂದು ಕೋರುತ್ತೇನೆ.